ಪೇಜ್‌ಮೇಕರ್ ಪಿ65 ಫೈಲಿನಿಂದ ಅಪ್ಪಯ್ಯನ ಪದಕೋಶ ಬಿಡಿಸಿಕೊಳ್ಳುವುದು ಹೇಗೆ?

ಸೋಗೆಮನೆ:

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನಲ್ಲಿ ನಾನು ಎಕ್ಸೆಲ್ ದಾಟಿ ಆಚೆ ಹೋದವಳಲ್ಲ. ಉತ್ತರ ಕೊಡುವವರು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಅಪ್ಪಯ್ಯ ಸಾಗರದ ಕಡೆ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ತೋಟಕ್ಕೆ ಹೋದರೂ ಕಿಸೆಯಲ್ಲೊಂದು ಸಣ್ಣ ಪುಸ್ತಕ. ಕೊನೆಗಾರ ಮರದ ಮೇಲಿಂದ ಏನಾದರೂ ಕೂಗಿದರೆ ಇವರು ಕೆಳಗೆ ನಿಂತು ಬರೆದುಕೊಳ್ಳುವುದು. ಕೊಟ್ಟೆ, ಚೊಗರು, ಮೆಟಗತ್ತಿ, ಗೊರಬಲು, ಹೀಗೆ ಅಡಕೆ ತೋಟದ ಮಾತುಗಳನ್ನೆಲ್ಲ ಕೂಡಿಸಿ 2003ರಲ್ಲಿ ಒಂದು ಪದಕೋಶ ಮಾಡಿಸಿದರು. 168 ಪುಟ, 500 ಪ್ರತಿ, ಖರ್ಚೆಲ್ಲ ಅವರದ್ದೇ. ಮಾರಾಟವಾಗಿದ್ದಕ್ಕಿಂತ ಮದುವೆ ಮುಂಜಿಗಳಲ್ಲಿ ಉಡುಗೊರೆ ಕೊಟ್ಟಿದ್ದೇ ಹೆಚ್ಚು. ಈಗ ಮನೆಯಲ್ಲಿ ಉಳಿದಿರುವುದು ಎರಡು, ಅದರಲ್ಲೊಂದನ್ನು ವರಲೆ ತಿಂದಿದೆ. ಅಪ್ಪಯ್ಯನಿಗೆ 81 ಆಯ್ತು. ಇನ್ನೊಂದು ಮುದ್ರಣ ನೋಡಬೇಕು ಅಂತ ಆಸೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಡಿಟಿಪಿ ಮಾಡಿಕೊಟ್ಟ ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಗಿದೆ. ಆದರೆ ಆಗ ಅವರು ಕೊಟ್ಟಿದ್ದ ಸಿಡಿಯನ್ನು ಅಪ್ಪಯ್ಯ ಎಲ್‌ಐಸಿ ಬಾಂಡುಗಳ ಜೊತೆ ಇಟ್ಟಿದ್ದರು, ಕಳೆದ ವಾರ ಸಿಕ್ಕಿತು. ಅದರಲ್ಲಿ ಮೂರು ಪಿ65 ಫೈಲು, ಮುಖಪುಟದ್ದು ಅಂತ ಕಾಣುವ ಒಂದು ಸಿಡಿಆರ್, ಏಳೆಂಟು ಟಿಫ್ ಚಿತ್ರ ಇವೆ. ಪಿ65 ಮೇಲೆ ಎರಡು ಸಲ ಒತ್ತಿದರೆ ಯಾವುದರಲ್ಲಿ ತೆರೆಯಲಿ ಅಂತ ವಿಂಡೋಸ್ ನನ್ನನ್ನೇ ಕೇಳುತ್ತದೆ. ನೋಟ್‌ಪ್ಯಾಡಿನಲ್ಲಿ ಬರೀ ಚೌಕುಳಿ. ತಮ್ಮ ಹೇಳಿದ ಅಂತ ಹೆಸರಿನ ಕೊನೆಯ ಪಿ65 ತೆಗೆದು ಡಾಕ್ ಅಂತ ಮಾಡಿದೆ. ವರ್ಡ್ ಸಿಟ್ಟಾಯಿತು. ಯಾವುದೋ ವೆಬ್‌ಸೈಟಿಗೆ ಹಾಕಿದರೆ ಆಗುತ್ತದಂತೆ, ಆದರೆ ಪೂರ್ತಿ ಪುಸ್ತಕವನ್ನು ಗುರುತಿಲ್ಲದವರ ಕೈಗೆ ಕೊಡಲು ಮನಸ್ಸಿಲ್ಲ.

168 ಪುಟ ಮತ್ತೆ ಟೈಪ್ ಮಾಡುವುದೇ ಗತಿಯೋ, ಬೇರೆ ದಾರಿ ಇದೆಯೋ?

ಬೈಟುಕಾಫಿ:

ಮೇಡಂ, ಹೆಸರಿನ ಬಾಲ ಬದಲಿಸಿದರೆ ಒಳಗಿರೋದು ಬದಲಾಗಲ್ಲ. ಹಿಂಡಿ ಚೀಲಕ್ಕೆ ಸಕ್ಕರೆ ಅಂತ ಚೀಟಿ ಅಂಟಿಸಿದ ಹಾಗೆ. ಹಳೇ ಹೆಸರೇ ವಾಪಸ್ ಇಡಿ.

ಪಿ65 ಅಂದರೆ ಪೇಜ್‌ಮೇಕರ್ 6.5, ಪುಸ್ತಕದ ಪುಟ ಜೋಡಿಸೋ ಹಳೇ ತಂತ್ರಾಂಶ. ಅದರ ನಂತರದ 7.0ದಾದರೆ ಪಿಎಂಡಿ ಅಂತ ಇರ್ತಿತ್ತು. 2001ರ ಆ 7.0 ಆದಮೇಲೆ ಪೇಜ್‌ಮೇಕರ್ ಹೊಸದಾಗಿ ಬರಲೇ ಇಲ್ಲ, ಅಡೋಬಿ ಎಲ್ಲರನ್ನೂ ಇನ್‌ಡಿಸೈನ್ ಕಡೆ ತಿರುಗಿಸಿತು. ಖರ್ಚಿಲ್ಲದ ದಾರಿ ಅಂದರೆ ಲಿಬ್ರೆಆಫೀಸ್. 2015ರಲ್ಲಿ ಬಂದ 4.4ರಿಂದ ಅದು ಪೇಜ್‌ಮೇಕರ್ ಫೈಲ್ ಓದುತ್ತೆ. ಇಂಥ ಅನಾಥ ಫೈಲುಗಳನ್ನು ಬಿಡಿಸೋಕೆ ಅಂತಲೇ ಡಾಕ್ಯುಮೆಂಟ್ ಲಿಬರೇಶನ್ ಪ್ರಾಜೆಕ್ಟ್ ಅನ್ನೋ ಒಂದು ಗುಂಪಿದೆ, ಅವರ ಕೆಲಸ. ಫೈಲು ಲಿಬ್ರೆಆಫೀಸಿನ ಡ್ರಾ ಅನ್ನೋ ಭಾಗದಲ್ಲಿ ತೆರೆದುಕೊಳ್ಳುತ್ತೆ. ಮುಖಪುಟದ ಸಿಡಿಆರ್ ಕೋರಲ್‌ಡ್ರಾದ್ದು, ಅದನ್ನೂ ಅಲ್ಲೇ ನೋಡಬಹುದು.

ಮೊದಲು ಸಿಡಿಯನ್ನು ಪೂರ್ತಿ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡ್ಕೊಳಿ. ಇಪ್ಪತ್ತು ವರ್ಷದ ಸಿಡಿ, ನಾಳೆ ಓದದೇ ಹೋದರೆ ಕೇಳುವವರಿಲ್ಲ.

ಸೋಗೆಮನೆ:

ಕಾಪಿ ಮಾಡಿದೆ. ಲಿಬ್ರೆಆಫೀಸ್ ಕೂಡ ಹಾಕಿಕೊಂಡೆ. ಫೈಲು ತೆರೆಯಿತು! ಪುಟ, ಅಂಚು, ಗೆರೆ ಎಲ್ಲ ಕಾಣುತ್ತಿದೆ.

ಆದರೆ ಅಕ್ಷರ ಒಂದೂ ಕನ್ನಡವಲ್ಲ. ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ... ಹೀಗೇ ಪುಟಗಟ್ಟಲೆ. ಅಲ್ಲಲ್ಲಿ ಗಿಡಗಳ ಲ್ಯಾಟಿನ್ ಹೆಸರು ಮಾತ್ರ ಸರಿಯಾಗಿದೆ. ಸಿಡಿ ಕೆಟ್ಟಿದೆ ಅಂತ ಕಾಣುತ್ತದೆ. ಅಪ್ಪಯ್ಯನಿಗೆ ಇನ್ನೂ ಹೇಳಿಲ್ಲ.

ಟ್ರೇಸಿಂಗ್‌ಶೀಟ್:

ತಂಗೀ, ಏನೂ ಕೆಟ್ಟಿಲ್ಲ! ಅಪ್ಪಾರಿಗೆ ಹೇಳಿಬಿಡ್ರಿ, ಪುಸ್ತಕ ಜೀವಂತ ಐತಿ ಅಂತ.

ನಾ ಹುಬ್ಬಳ್ಳ್ಯಾಗ 1998ರಿಂದ ಡಿಟಿಪಿ ಮಾಡಿದಾಂವ. ನೀವು ಹೇಳಿದ್ದನ್ನ ಓದಿದ ಕೂಡಲೇ ನಕ್ಕೆ. ದೊಡ್ಡ ಪಿ, ಗೀಟಿನ ಎ, ಪೌಂಡ್, ಮತ್ತ ಗೀಟಿನ ಎ, ಅದರ ಮುಂದ ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಂದು ಎ ಐತೇನು ನೋಡ್ರಿ. ಇದ್ರ ಅದು 'ಕನ್ನಡ' ಅನ್ನೋ ಶಬ್ದ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಾಗ ಕನ್ನಡ ಹಿಂಗ ಕಾಣ್ತಿತ್ತು. ನಮಗ ಅದು ಬಾಯಿಪಾಠ. ಫಾಂಟ್ ಹಾಕದೆನೂ ಗಿರಾಕಿ ಹೆಸರು ಓದ್ತಿದ್ವಿ.

ನಿಮ್ಮ ಫೈಲಿಗೆ ಎರಡು ಕೀಲಿ ಅದಾವ್ರಿ. ಒಂದು ಪೇಜ್‌ಮೇಕರಿನದು, ಅದನ್ನ ಬೈಟುಕಾಫಿಯವರು ತೆಗೆದ್ರು. ಎರಡನೇದು ಫಾಂಟಿನದು. ಭಾಳ ಮಂದಿ ಮೊದಲನೇ ಕೀಲಿ ತೆಗೆದು, ಒಳಗ ಕಸ ಕಂಡು, ಫೈಲ್ ಕೆಟ್ಟೈತಿ ಅಂತ ಒಗೆದುಬಿಡ್ತಾರ. ನಮ್ಮ ಓಣ್ಯಾಗ ಹಂಗ ಎಷ್ಟು ಸಿಡಿ ತಿಪ್ಪಿಗೆ ಹೋದ್ವೋ.

ಆಗಿನ ಒಂದು ಫಾಂಟಿನಾಗ 256 ಮನಿ. ಕನ್ನಡದ ಕಾಗುಣಿತ, ಒತ್ತು ಎಲ್ಲಾ ಅಷ್ಟರಾಗ ಹಿಡಿಯಂಗಿಲ್ಲ. ಅದಕ್ಕ ಅಕ್ಷರ ಮುರಿದು ತುಂಡು ತುಂಡು ಮಾಡಿ ಇಂಗ್ಲಿಷಿನ ಮನಿಯೊಳಗ ಕೂಡಿಸಿದ್ರು. ಪಿ ಮನಿಯೊಳಗ ತಲಕಟ್ಟಿಲ್ಲದ ಕ, ಗೀಟಿನ ಎ ಮನಿಯೊಳಗ ಬರೀ ತಲಕಟ್ಟು. ಎರಡೂ ಕೂಡಿದ್ರ ಕ. ಕಂಪ್ಯೂಟರಿಗೆ ಗೊತ್ತಿರೋದು ಪಿ ಮತ್ತು ಎ ಮಾತ್ರ. ಕನ್ನಡ ಕಾಣೋದು ನಮ್ಮ ಕಣ್ಣಿಗೆ. ಕನ್ನಡದ ಅಕ್ಷರಕ್ಕ ಅದರದ್ದೇ ಸಂಕೇತ ಕೊಡೋ ಯುನಿಕೋಡ್ ಅನ್ನೋದು ಪೇಜ್‌ಮೇಕರಿಗೆ ಕೊನೀತನಕ ಗೊತ್ತಾಗಲಿಲ್ಲ, ಹಂಗಾಗಿ ಪ್ರೆಸ್ಸಿನವ್ರೆಲ್ಲಾ ಇದರಾಗೇ ಉಳಿದ್ರು. ಸ್ಕ್ರೋಲ್ ಲಾಕ್ ಒತ್ತಿದ್ರ ಕನ್ನಡ, ಮತ್ತ ಒತ್ತಿದ್ರ ಇಂಗ್ಲಿಷ್. ನನ್ನ ಕೀಬೋರ್ಡಿನಾಗ ಬ್ಯಾರೆ ಕೀಲಿಗಿಂತ ಮೊದಲ ಸವೆದದ್ದು ಅದೇ.

ಮೊದಲ ಕೆಲಸ, ಡ್ರಾ ಒಳಗ ಆ ಅಕ್ಷರದ ಮ್ಯಾಲ ಕ್ಲಿಕ್ ಮಾಡಿ ಫಾಂಟಿನ ಹೆಸರು ನೋಡ್ರಿ. ನುಡಿ ಅಂತಿದ್ರ ಆರಾಮ. ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ, ಮತ್ತ 'ಬರಹ' ಅನ್ನೋ ತಂತ್ರಾಂಶದ ಬಿಆರ್‌ಎಚ್ ಫಾಂಟುಗಳು, ಇವೆರಡಕ್ಕೂ ಒಂದೇ ಮನಿ ಹಂಚಿಕಿ. ಯುನಿಕೋಡಿಗೆ ಬದಲಿಸೋ ಪರಿವರ್ತಕ ಭಾಳ ಸಿಗ್ತಾವ. ಶ್ರೀಲಿಪಿ, ಆಕೃತಿ ಅಂತಿದ್ರ ಅವುಗಳ ಹಂಚಿಕಿ ಬ್ಯಾರೆ, ನುಡಿ ಪರಿವರ್ತಕಕ್ಕ ಹಾಕಿದ್ರ ಕಸ ಹೋಗಿ ಹೊಸಾ ಕಸ ಬರ್ತೈತಿ.

ಎರಡನೇದು. ಡ್ರಾದಿಂದ ಕಾಪಿ ಮಾಡಬ್ಯಾಡ್ರಿ. ಅಲ್ಲಿ ಪುಟಕ್ಕೊಂದು ಡಬ್ಬಿ ಆಗಿರ್ತೈತಿ, 168 ಸಲ ಕಾಪಿ ಮಾಡೂದ್ರೊಳಗ ಒಂದೆರಡು ತಪ್ಪೇ ತಪ್ತಾವ. ಪೇಜ್‌ಮೇಕರಿನಾಗೇ ತೆಗೀಬೇಕು. ಅಲ್ಲಿ ಪುಟದಿಂದ ಪುಟಕ್ಕ ಹರಿದ ಬರಹಕ್ಕ ಸ್ಟೋರಿ ಅಂತಾರ. ಡಬ್ಬಿ ತಳದ ಕುಣಿಕಿಯೊಳಗ ಕೂಡಿಸೋ ಚಿಹ್ನೆ ಇದ್ರ ಬರಹ ಮುಂದಿನ ಪುಟಕ್ಕ ಹೋಗೈತಿ ಅಂತ, ಖಾಲಿ ಇದ್ರ ಅಲ್ಲೇ ಮುಗೀತು ಅಂತ. ಸ್ಟೋರಿ ಒಳಗ ಒಂದು ಸಲ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ರ ಅಷ್ಟೂ ಪುಟ ಒಂದೇ ಏಟಿಗೆ ಬರ್ತೈತಿ. ಚಿತ್ರದ ಕೆಳಗಿನ ಸಾಲು, ಬಾಕ್ಸ್ ಇವು ಬ್ಯಾರೆ ಬ್ಯಾರೆ ಸ್ಟೋರಿ ಇರ್ತಾವ, ಮರೀಬ್ಯಾಡ್ರಿ.

ಇನ್ನ ಕಿವಿಗೊಟ್ಟು ಕೇಳ್ರಿ. ಎಕ್ಸ್‌ಪೋರ್ಟ್ ಮಾಡುವಾಗ 'ಟೆಕ್ಸ್ಟ್ ಓನ್ಲಿ' ಅಂತ ಕೊಡಬ್ಯಾಡ್ರಿ, ಆರ್‌ಟಿಎಫ್ ಕೊಡ್ರಿ. ಬರೀ ಟೆಕ್ಸ್ಟಿನಾಗ ಫಾಂಟಿನ ಹೆಸರು ಹೋಗಿಬಿಡ್ತೈತಿ. ಆಮ್ಯಾಲೆ ಯಾವ ಪಿ ನಿಜವಾದ ಇಂಗ್ಲಿಷ್ ಪಿ, ಯಾವ ಪಿ ನಮ್ಮ ಕ, ಅಂತ ಬ್ರಹ್ಮ ಬಂದ್ರೂ ಹೇಳಾಕ ಆಗಂಗಿಲ್ಲ. ಲ್ಯಾಟಿನ್ ಹೆಸರು ಅದಾವ ಅಂದ್ರಲ್ಲ, ಅವು ಎಲ್ಲಾ ಮಣ್ಣುಪಾಲು. ಕೊನೀ ಹೆಜ್ಜೀತನಕ ಫಾಂಟಿನ ಹೆಸರು ಕಳಕೋಬ್ಯಾಡ್ರಿ, ನನ್ನ ಮಾತೆಲ್ಲಾ ಇಷ್ಟೇ.

ಪೇಜ್‌ಮೇಕರ್ ಎಲ್ಲಿ ಸಿಗ್ತೈತಿ ಅಂದ್ರ, ನಿಮ್ಮೂರಾಗ ಲಗ್ನಪತ್ರಿಕಿ ಮಾಡೋ ಅಂಗಡಿ ಹುಡುಕ್ರಿ. ಇಂಥ ಅಂಗಡಿ ಮೂಲ್ಯಾಗ ಎಕ್ಸ್‌ಪಿ ಹಾಕಿದ ಒಂದು ಮುದಿ ಕಂಪ್ಯೂಟರ್ ಇದ್ದರ ಇರ್ತೈತಿ. ಇಲ್ಲಾಂದ್ರ ಯಾರ ಹತ್ರರ ಇನ್‌ಡಿಸೈನ್ ಸಿಎಸ್6 ಇದ್ರ ಅದೂ ಪಿ65 ತೆಗೀತೈತಿ. ಅದರ ಮುಂದಿನ ಸಿಸಿ ತೆಗೆಯಂಗಿಲ್ಲ, ಆ ಬಾಗಿಲಾ ಮುಚ್ಚಿಬಿಟ್ರು.

ಜವಳಿಸಾಲು:

ಇಷ್ಟೆಲ್ಲ ಯಾಕೆ? ಪುಸ್ತಕ ಫೋಟೊ ಹೊಡೆದು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅದೇ ಕನ್ನಡ ಅಕ್ಷರ ಗುರುತಿಸಿ ಕೊಡುತ್ತೆ. ನಾನು ಎರಡು ಪುಸ್ತಕ ಹಾಗೇ ಮಾಡಿದ್ದೇನೆ.

ಬೈಟುಕಾಫಿ:

ಕಥೆ ಕಾದಂಬರಿಗೆ ಸರಿ ಸಾರ್. ಇದು ಪದಕೋಶ, ಎರಡು ಕಾಲಂ, ಮೇಲಾಗಿ ಯಾವ ನಿಘಂಟಿನಲ್ಲೂ ಇಲ್ಲದ ಪದಗಳು. ಒತ್ತು ಒಂದು ತಪ್ಪಿದರೂ ಅದು ತಪ್ಪು ಅಂತ ಗೊತ್ತಾಗೋದು ಅವರ ತಂದೆಯವರಿಗೆ ಮಾತ್ರ. ಫೈಲೇ ಇರುವಾಗ ಫೋಟೊ ಓದಿಸೋದು ಬೇಡ.

ಟ್ರೇಸಿಂಗ್‌ಶೀಟ್ ಅವರು ಹೇಳಿದ ಫಾಂಟ್ ಮಾತಿಗೆ ಸೇರಿಸ್ತೀನಿ. ಆರ್‌ಟಿಎಫ್ ಬಂದ ಮೇಲೆ ಲಿಬ್ರೆಆಫೀಸ್ ರೈಟರಿನಲ್ಲಿ ತೆರೆದು ಡಾಕ್ಸ್ ಆಗಿ ಉಳಿಸಿ (ಗೂಗಲ್ ಡಾಕ್ಸ್ ಅಲ್ಲ, ವರ್ಡಿನ ಫೈಲು). ಡಾಕ್ಸ್ ಒಳಗೆ ಬರಹ ರನ್ ಅನ್ನೋ ತುಂಡುಗಳಾಗಿ ಇರುತ್ತೆ, ಪ್ರತಿ ತುಂಡಿಗೂ ಅದರ ಫಾಂಟಿನ ಹೆಸರು ಅಂಟಿಕೊಂಡಿರುತ್ತೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹತ್ತಿಪ್ಪತ್ತು ಸಾಲು ಬರೆದರೆ ಸಾಕು: ಫಾಂಟ್ ಹೆಸರು ನುಡಿ ಅಂತ ಶುರುವಾದರೆ ಆ ತುಂಡನ್ನು ಯುನಿಕೋಡ್ ಮಾಡು, ಇಲ್ಲದಿದ್ದರೆ ಮುಟ್ಟಬೇಡ. ಅಕ್ಷರ ಬದಲಿಸುವ ಕೋಷ್ಟಕ ನಾನು ಬರೆಯೋದೇನೂ ಇಲ್ಲ, ಗಿಟ್‌ಹಬ್‌ನಲ್ಲಿ ಮುಕ್ತವಾಗಿ ಸಿಗೋದನ್ನೇ ಹಾಕ್ತೀನಿ.

ಕೋಷ್ಟಕ ಇದ್ದರೂ ಒಂದಕ್ಕೊಂದು ಬದಲಿಸಿದರೆ ಮುಗಿಯಲ್ಲ. ನುಡಿಯಲ್ಲಿ ಅಕ್ಷರ ಕಣ್ಣಿಗೆ ಕಾಣೋ ಸಾಲಿನಲ್ಲಿ ಇರುತ್ತೆ, ಯುನಿಕೋಡಿನಲ್ಲಿ ಬಾಯಲ್ಲಿ ಹೇಳೋ ಸಾಲಿನಲ್ಲಿ. 'ಕರ್ನಾಟಕ' ತಗೊಳಿ. ನುಡಿಯಲ್ಲಿ ಮೊದಲು 'ನಾ' ಬಂದು ಆಮೇಲೆ ಅರ್ಕಾವತ್ತು. ಯುನಿಕೋಡಿನಲ್ಲಿ ರಕಾರ ಮುಂದೆ, 'ನಾ' ಹಿಂದೆ. 'ಅಕ್ಕಿ'ಯಲ್ಲೂ ಅಷ್ಟೇ, ಅಲ್ಲಿ 'ಕಿ' ಆದಮೇಲೆ ಕ ಒತ್ತು, ಇಲ್ಲಿ ಎರಡು ಕಕಾರ ಆದಮೇಲೆ ಗುಡಿಸು. ಒಳ್ಳೆಯ ಪರಿವರ್ತಕ ಇದನ್ನೆಲ್ಲ ತಿರುಗಿಸಿ ಕೂರಿಸುತ್ತೆ, ಕೆಟ್ಟದ್ದು 'ಕನಾರ್ಟಕ' ಅಂತ ಕೊಡುತ್ತೆ. ಆ ಒಂದು ಪದ ಹಾಕಿ ನೋಡಿದರೆ ಪರಿವರ್ತಕದ ಯೋಗ್ಯತೆ ಗೊತ್ತಾಗುತ್ತೆ. ಹೊಸ ಮುದ್ರಣಗಳಲ್ಲೂ 'ಕನಾರ್ಟಕ', 'ವಷರ್' ಅಂತ ಕಂಡಿದ್ದರೆ ಅವು ಎಲ್ಲಿಂದ ಬಂದವು ಅಂತ ಈಗ ತಿಳೀತಲ್ಲ.

ಸೋಗೆಮನೆ:

ವರದಿ ಒಪ್ಪಿಸುತ್ತಿದ್ದೇನೆ. ಶನಿವಾರ ಊರಿಗೆ ಹೋಗಿದ್ದೆ. ಪೇಟೆಯಲ್ಲಿ ಮೂರನೇ ಅಂಗಡಿಗೇ ಸಿಕ್ಕಿತು. ಲಗ್ನಪತ್ರಿಕೆ, ರಬ್ಬರ್ ಸ್ಟಾಂಪು, ವೈಕುಂಠ ಸಮಾರಾಧನೆ ಕಾರ್ಡು ಮಾಡುವ ಅಂಗಡಿ. ಮೂಲೆಯಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ಕಂಪ್ಯೂಟರ್, ಅದರ ತಲೆಯ ಮೇಲೆ ಗಣಪತಿ. ಟ್ರೇಸಿಂಗ್‌ಶೀಟ್ ಅಣ್ಣ, ನೀವು ಬಂದು ನೋಡಿ ಹೋದವರ ಹಾಗೆ ಬರೆದಿದ್ದೀರಿ.

ಅಲ್ಲಿನ ಹುಡುಗ ಪೇಜ್‌ಮೇಕರ್ 7ರಲ್ಲಿ ತೆಗೆದ. ಫಾಂಟ್ ಇಲ್ಲ, ಇಂಥದ್ದರ ಬದಲು ಇಂಥದ್ದು ಹಾಕಲಾ ಅಂತ ಒಂದು ಪಟ್ಟಿ ಬಂತು. ಹುಡುಗ ಓಕೆ ಒತ್ತಲು ಹೊರಟಿದ್ದ, ನಾನು ಕೈ ಹಿಡಿದೆ. ಪಟ್ಟಿಯಲ್ಲಿದ್ದದ್ದು ನುಡಿಯ ಎರಡು ಫಾಂಟು, ಒಂದರ ಹೆಸರಿನ ಕೊನೆಗೆ ಇ, ಇನ್ನೊಂದಕ್ಕೆ ಕೆ. ಎಲ್ಲ ಮುಚ್ಚಿ, ನುಡಿ ಹಾಕಿ, ಮತ್ತೆ ತೆರೆದೆವು.

ತೆರೆಯಿತು. ಮೊದಲ ಪುಟದಲ್ಲಿ 'ಅಡಕೆ' ಅಂತ ದೊಡ್ಡದಾಗಿ. ಫೋಟೊ ಹೊಡೆದು ಅಪ್ಪಯ್ಯನಿಗೆ ಕಳಿಸಿದರೆ, "ಆ ಅಕ್ಷರ ಇಷ್ಟು ದಪ್ಪ ಬೇಡ ಅಂತ ಆವಾಗಲೇ ಹೇಳಿದ್ದೆ" ಅಂದರು.

ಹುಡುಗನಿಗೆ ಊಟದ ಹೊತ್ತು. ನಾನು ಬೇಡ ಬೇಡ ಎನ್ನುತ್ತಿದ್ದಂತೆ ಮೊದಲನೇ ಫೈಲನ್ನು ಬರೀ ಟೆಕ್ಸ್ಟ್ ಅಂತಲೇ ತೆಗೆದುಬಿಟ್ಟ. ಕುತೂಹಲಕ್ಕೆ ಅದನ್ನೂ ಪರಿವರ್ತಿಸಿ ನೋಡಿದೆ. ಅಡಕೆಯ ಲ್ಯಾಟಿನ್ ಹೆಸರು ಅರೆಕಾ ಕಟೆಚು. ಅದು 'ಂಡಿ' ಅಂತ ಶುರುವಾಗಿ ಮುಂದೆ ಯಾರೋ ಸೀನಿದ ಹಾಗಿತ್ತು. ಸೊನ್ನೆಯಿಂದ ಶುರುವಾಗುವ ಪದ ಕನ್ನಡದಲ್ಲಿ ಇದೇ ಮೊದಲು ಅಂತ ಅಪ್ಪಯ್ಯ. ಆಮೇಲೆ ಆರ್‌ಟಿಎಫ್ ತೆಗೆಸಿದೆ, ಒಟ್ಟು 23 ಸ್ಟೋರಿ. ಬೈಟುಕಾಫಿಯವರು ಬರೆದುಕೊಟ್ಟ ಪೈಥಾನ್ ಓಡಿಸಿದೆ (ಓಡಿಸಿದ್ದು ತಮ್ಮ, ನಾನು ಪಕ್ಕದಲ್ಲಿ ಕೂತಿದ್ದೆ). ಲ್ಯಾಟಿನ್ ಹೆಸರು ಇದ್ದ ಹಾಗೇ ಇವೆ, ಕನ್ನಡ ಕನ್ನಡವಾಗಿದೆ.

ಎರಡು ಅನುಮಾನ ಉಳಿದಿವೆ. ಪುಸ್ತಕದಲ್ಲಿ ಪದಗಳ ಕ್ರಮಸಂಖ್ಯೆ ಕನ್ನಡ ಅಂಕಿಯಲ್ಲಿತ್ತು, ಈಗ ಇಂಗ್ಲಿಷ್ ಅಂಕಿ ಬಂದಿದೆ. ಇನ್ನೊಂದು, ಕೊಟ್ಟೆ ಕಟ್ಟುವುದನ್ನು ತೋರಿಸುವ ಚಿತ್ರ ಪುಟದಲ್ಲಿ ಮಸುಕುಮಸುಕಾಗಿ ಕಾಣುತ್ತದೆ. ಪುಸ್ತಕದಲ್ಲಿ ಚೆನ್ನಾಗಿಯೇ ಇದೆ.

ಟ್ರೇಸಿಂಗ್‌ಶೀಟ್:

ಭೇಷ್ ತಂಗಿ.

ಅಂಕಿ ಮಾತು ಸಣ್ಣದು. ಕೊನೀಗೆ ಕೆ ಇರೋ ನುಡಿ ಫಾಂಟಿನಾಗ ಅಂಕಿ ಕನ್ನಡದ್ದು, ಇ ಇರೋದ್ರಾಗ ಇಂಗ್ಲಿಷಿನದು. ಒಳಗ ಇರೋ ಸಂಕೇತ ಎರಡಕ್ಕೂ ಒಂದೇ, ಅದಕ್ಕ ಪರಿವರ್ತಕಕ್ಕ ವ್ಯತ್ಯಾಸ ಗೊತ್ತಾಗಿಲ್ಲ. ಕೆ ಫಾಂಟಿನ ತುಂಡಿನಾಗ ಅಂಕಿ ಬಂದ್ರ ಕನ್ನಡ ಅಂಕಿ ಮಾಡು ಅಂತ ನಿಮ್ಮ ತಮ್ಮಗ ಹೇಳ್ರಿ. ಫಾಂಟಿನ ಹೆಸರು ಇಟ್ಟುಕೊಂಡದ್ದು ಇಲ್ಲೂ ಉಪಯೋಗಾತು ನೋಡ್ರಿ.

ಚಿತ್ರ ಫೈಲಿನ ಒಳಗ ಇಲ್ಲ. 256 ಕೆಬಿಗಿಂತ ದೊಡ್ಡ ಚಿತ್ರ ಹಾಕಿದ್ರ ಪೇಜ್‌ಮೇಕರ್ ಕೇಳ್ತಿತ್ತು, ಪೂರ್ತಿ ಒಳಗ ಇಡ್ಲೇನು ಅಂತ. ಫೈಲ್ ಭಾರ ಆಗಿ ಕಂಪ್ಯೂಟರ್ ತೆವಳ್ತೈತಿ ಅಂತ ನಾವೆಲ್ಲಾ ನೋ ಒತ್ತತಿದ್ವಿ. ಪುಟದಾಗ ಕಾಣೋದು ಬರೀ ಅದರ ನೆರಳು. ಸಿಡಿಯೊಳಗ ಟಿಫ್ ಅದಾವ ಅಂದ್ರಲ್ಲ, ಅವೇ ನಿಮ್ಮ ಅಸಲಿ ಚಿತ್ರ.

ಈಗ ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡಿಕೋಬ್ಯಾಡ್ರಿ. ನನ್ನ ಹೆಸರು ಯಾಕ ಟ್ರೇಸಿಂಗ್‌ಶೀಟ್ ಅಂತ ಇಟ್ಟುಕೊಂಡೀನಿ ಗೊತ್ತೈತೇನು? ಆಗ ಪುಟಗಳನ್ನ ಲೇಸರ್ ಪ್ರಿಂಟರಿನಾಗ ಟ್ರೇಸಿಂಗ್ ಹಾಳಿ ಮ್ಯಾಲ ತೆಗೆದು, ಅದನ್ನ ಆಫ್‌ಸೆಟ್‌ನವ್ರಿಗೆ ಪ್ಲೇಟ್ ಮಾಡಾಕ ಕೊಡ್ತಿದ್ವಿ. ಕೊನೀ ಗಳಿಗ್ಯಾಗ ಲೇಖಕರು ಓಡಿ ಬಂದು ಇಲ್ಲೊಂದು ಒತ್ತು ತಪ್ಪೈತ್ರಿ ಅಂದ್ರ, ಒಂದು ಅಕ್ಷರಕ್ಕ ಇಡೀ ಪುಟ ಮತ್ತ ತೆಗೆಯೋರು ಯಾರು? ಟ್ರೇಸಿಂಗ್ ಹಾಳಿ ಅಂದ್ರ ರೊಕ್ಕ. ಆ ಒಂದೇ ಶಬ್ದ ಬ್ಯಾರೆ ತೆಗೆದು, ಬ್ಲೇಡಿನಾಗ ಕೊಯ್ದು, ಹಾಳಿ ಮ್ಯಾಲ ಅಂಟಿಸಿ ಕಳಿಸ್ತಿದ್ವಿ. ಫೈಲಿನಾಗ ತಪ್ಪು ಹಂಗೇ ಉಳೀತಿತ್ತು. ಅಂದ್ರ ನಿಮ್ಮ ಸಿಡಿಗಿಂತ ನಿಮ್ಮ ಪುಸ್ತಕ ಒಂದು ಹೆಜ್ಜಿ ಮುಂದ ಇರಬಹುದು. ವರಲಿ ತಿನ್ನದ ಆ ಒಂದು ಪ್ರತಿ ಜ್ವಾಪಾನ ಮಾಡ್ರಿ. ಅದನ್ನ ಇಟ್ಟುಕೊಂಡು ಸಾಲಿನ ಮ್ಯಾಲ ಸಾಲು ತಾಳೆ ನೋಡ್ರಿ. ಅಕ್ಷರ ಒಂಚೂರು ಓರೆ ಕಂಡಲ್ಲಿ ಬ್ಲೇಡ್ ಆಡೈತಿ ಅಂತ ತಿಳೀರಿ.

ಜವಳಿಸಾಲು:

ಹಾಗಾದರೆ ಫೋಟೊ ಹೊಡೆದು ಓದಿಸಿದ್ದನ್ನೂ ಈ ಫೈಲನ್ನೂ ಪಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ಬೇರೆಯಾಗಿದೆ ಅಂತ ಕಂಪ್ಯೂಟರಿಗೇ ಹುಡುಕಲು ಹೇಳಬಹುದಲ್ಲ? ನನ್ನ ದಾರಿಯೂ ಒಂದು ಉಪಯೋಗಕ್ಕೆ ಬಂತು.

ಬೈಟುಕಾಫಿ:

ಒಪ್ಪಿದೆ ಸಾರ್, ಕಾಫಿ ನನ್ನದು.

ಸೋಗೆಮನೆ:

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಜವಳಿಸಾಲು ಅವರು ಹೇಳಿದ ಹಾಗೆ ಮಾಡಿದೆವು. ಫೋಟೊ ಓದಿಸಿದ್ದರಲ್ಲಿ ಅದರದ್ದೇ ತಪ್ಪು ನೂರಾರು ಬಂದವು, ಆದರೂ ಕಣ್ಣಾಡಿಸಬೇಕಾದ ಜಾಗ ಯಾವುವು ಅಂತ ಗೊತ್ತಾಯಿತು. ಉಳಿದದ್ದನ್ನು ಅಪ್ಪಯ್ಯ ಭೂತಗನ್ನಡಿ ಹಿಡಿದು ಕೂತು ನೋಡಿದರು. ಫೈಲಿಗೂ ಪುಸ್ತಕಕ್ಕೂ ನಿಜವಾಗಿ ವ್ಯತ್ಯಾಸ ಇದ್ದದ್ದು 14 ಕಡೆ. 97ನೇ ಪುಟದಲ್ಲಿ 'ಚೊಗರು' ಎಂಬ ಪದ ಬೆಳಕಿಗೆ ಹಿಡಿದರೆ ಕಾಣುವಷ್ಟು ಓರೆ. ಫೈಲಿನಲ್ಲಿ ಅದು 'ಚಿಗರು'.

ಅಪ್ಪಯ್ಯನಿಗೆ ಆ ದಿನ ನೆನಪಿದೆ. ಮಳೆಯಲ್ಲಿ ಬಸ್ಸಿಗೆ ಬಂದು ತೋರಿಸಿದ್ದರಂತೆ. ಆ ಹುಡುಗ ಮಾತಾಡದೆ ಬ್ಲೇಡು ತೆಗೆದ, ಅವನ ಕೈ ನೋಡುತ್ತ ನಿಂತೆ ಅಂದರು. ಅವನ ಹೆಸರು ಮಾತ್ರ ಜ್ಞಾಪಕಕ್ಕೆ ಬರುತ್ತಿಲ್ಲ. ಹೊಸ ಮುದ್ರಣದ ಅರಿಕೆಯಲ್ಲಿ ಹಾಕಬೇಕು ಅಂತ ನಾಲ್ಕು ದಿನದಿಂದ ಹಳೇ ಡೈರಿ ತಿರುವಿ ಹಾಕುತ್ತಿದ್ದಾರೆ.